ಆರು ತಾಸಿನ ದಾರಿ

ಸೋಮಯ್ಯ ಮಾಸ್ತರರ ಮನೆಯಲ್ಲಿ ಭೂಮಿಗೆ ಅಕ್ಕಿ ಡಬ್ಬದ ಮೇಲೆ ಜಾಗ. ಕುಮಟೆಯ ವಕೀಲರೊಬ್ಬರು ಮನೆ ಬದಲಾಯಿಸುವಾಗ ಬೇಡವೆಂದು ಬಿಟ್ಟಿದ್ದ ತಗಡಿನ ಗೋಲವನ್ನು ಮಾಸ್ತರರು ಬಸ್ಸಿನಲ್ಲಿ ತೊಡೆಯ ಮೇಲೆ ಕೂರಿಸಿಕೊಂಡು, ಶರಾವತಿಯನ್ನು ತಾರಿಯ ದೋಣಿಯಲ್ಲಿ ದಾಟಿಸಿ, ಕಾಸರಕೋಡಿನ ತಮ್ಮ ಮನೆಗೆ ತಂದಿದ್ದರು. ಉತ್ತರ ಧ್ರುವದ ಹತ್ತಿರ ಅದಕ್ಕೊಂದು ತಗ್ಗು ಬಿದ್ದಿತ್ತು, ರಶಿಯಾದ ಬಣ್ಣ ಕಿತ್ತುಹೋಗಿತ್ತು. ಅವರ ಹೆಂಡತಿ ಅಂಬಾ ಅನ್ನಕ್ಕಿಡುವಾಗಲೆಲ್ಲ ಭೂಮಿಯನ್ನು ಎತ್ತಿ ಕೆಳಗಿಟ್ಟು, ಅಕ್ಕಿ ಅಳೆದು, ಮತ್ತೆ ಅದನ್ನು ಡಬ್ಬದ ಮೇಲೆ ಕೂರಿಸುತ್ತಿದ್ದಳು. ದಿನಕ್ಕೆ ಎರಡು ಸಲ ಭೂಮಿ ಎತ್ತುವ ಹೆಂಗಸು ಭಟ್ಕಳದಿಂದ ಕುಮಟೆಯವರೆಗೆ ತಾನೊಬ್ಬಳೇ ಎಂದು ಪಕ್ಕದ ಮನೆಯ ಗಣಪಿಯ ಹತ್ತಿರ ಹೇಳಿಕೊಂಡು ನಗುತ್ತಿದ್ದಳು.

ಮಾಸ್ತರರು ಹೊನ್ನಾವರದ ಹೈಸ್ಕೂಲಿನಲ್ಲಿ ಭೂಗೋಳ ಕಲಿಸುವವರು. ಹೊಳೆಯ ತೆಂಕು ದಡದಲ್ಲಿ ಮನೆ, ಬಡಗು ದಡದಲ್ಲಿ ಶಾಲೆ. ಸೇತುವೆ ಇವತ್ತಾಗುತ್ತದೆ ನಾಳೆಯಾಗುತ್ತದೆ ಎಂದು ಹೇಳುತ್ತಿದ್ದವರ ತಲೆ ಹಣ್ಣಾಗಿತ್ತೇ ಹೊರತು ಸೇತುವೆಯ ಒಂದು ಕಲ್ಲು ಬಿದ್ದಿರಲಿಲ್ಲ. ಹಾಗಂತ ಯಾರಿಗೂ ಅದರ ಕೊರತೆಯೂ ಕಂಡಿರಲಿಲ್ಲ. ದಡಕ್ಕೆ ಬಂದವನು ಬಾಯಿಗೆ ಕೈ ಹಿಡಿದು ಒಂದು ಕೂ ಹಾಕಿದರಾಯಿತು, ಗಾಳಿ ಎದುರಿದ್ದರೆ ಪಂಚೆ ಬೀಸಿದರಾಯಿತು. ಅಂಬಿಗರ ದುರ್ಗ ತಿರುಗಿ ಒಂದು ಕೂ ಹಾಕಿ ದೋಣಿ ಬಿಡುತ್ತಿದ್ದ. ಮದುವೆಯವರು ಕರೆದರೂ ಬಂದ, ಹೆರಿಗೆ ನೋವಿನವರು ಕರೆದರೂ ಬಂದ. ಊಟಕ್ಕೆ ಕೂತಿದ್ದರೆ ಬಟ್ಟಲು ಮುಚ್ಚಿಟ್ಟು ಬಂದ. ಕರೆದರೆ ಬರುತ್ತದೆ ಎನ್ನುವುದು ಆ ದಡದಲ್ಲಿ ಹುಟ್ಟಿದವರಿಗೆ ಯಾರೂ ಕಲಿಸದೆ ಬಂದ ನಂಬಿಕೆ. ಮಾಸ್ತರರೂ ಅಲ್ಲೇ ಹುಟ್ಟಿದವರು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ಆದದ್ದೆಲ್ಲ ಇದರಿಂದಲೇ ಆದದ್ದು.

ಮಾಸ್ತರರಿಗೆ ಒಂದು ಹೆಮ್ಮೆ ಇತ್ತು. ಬಲೆ ಹೆಣೆಯುವ ಗಟ್ಟಿ ನೂಲಿನ ಒಂದು ತುಂಡು, ಅದರಲ್ಲಿ ಐನೂರು ಐನೂರು ಮೈಲಿಗೆ ಒಂದೊಂದು ಗಂಟು. ಅದನ್ನು ಗೋಲದ ಮೇಲೆ ಬಿಗಿಯಾಗಿ ಎಳೆದು ಹಿಡಿದರೆ ಲೋಕದ ಯಾವ ಊರಿನಿಂದ ಯಾವ ಊರಿಗಾದರೂ ಎಷ್ಟು ದೂರ ಎಂದು ಹೇಳುತ್ತಿದ್ದರು. ಈಗಿನ ಜೆಟ್ ವಿಮಾನ ತಾಸಿಗೆ ಐನೂರು ಮೈಲಿ ಹಾರುತ್ತದೆ ಎಂದು ಪೇಪರಿನಲ್ಲಿ ಓದಿದ ಮೇಲಂತೂ ಲೆಕ್ಕ ಇನ್ನೂ ಸಲೀಸಾಯಿತು. ಎಷ್ಟು ಗಂಟೋ ಅಷ್ಟು ತಾಸು. ಮಗ ಏಡನ್ನಿನಲ್ಲಿದ್ದವರು, ತಮ್ಮ ಕೊಲಂಬೋದಲ್ಲಿದ್ದವರು ಬಂದು ಕೇಳುವರು. ಮಾಸ್ತರರು ನೂಲು ಹಿಡಿದು, "ನಾಕೇ ತಾಸು, ಎಂತಕ್ಕೆ ಹೆದರ್ತ್ರಿ?" ಎನ್ನುವರು. ಬಂದವರು ಎದೆ ಹಗುರ ಮಾಡಿಕೊಂಡು ಹೋಗುವರು. ಅವರಲ್ಲಿ ಯಾರೂ ವಿಮಾನ ಹತ್ತುವವರಲ್ಲ, ಹತ್ತಿದವರನ್ನು ಕಂಡವರೂ ಅಲ್ಲ. ಆದರೂ ನಾಲ್ಕು ತಾಸು ಎಂದರೆ ನಾಲ್ಕು ತಾಸೇ ತಾನೆ.

ಐವತ್ತೆಂಟರಲ್ಲಿ ಅವರ ಒಬ್ಬಳೇ ಮಗಳು ಸುಮತಿಗೆ ಕುಮಟೆಯ ಕಡೆಯ ಒಂದು ಸಂಬಂಧ ಬಂತು. ಹುಡುಗ ಮಾದೇವ ಮುಂಬಯಿಯ ರೈಲ್ವೆ ಕಚೇರಿಯಲ್ಲಿದ್ದು, ಅಲ್ಲಿಂದ ಆಫ್ರಿಕಾದ ನೈರೋಬಿಯ ರೈಲ್ವೆಗೆ ಗುಮಾಸ್ತನಾಗಿ ಹೋದವನು. ಹುಡುಗ ಸಭ್ಯ, ಮನೆತನ ಒಳ್ಳೆಯದು, ಸುಮತಿಗೂ ಮನಸ್ಸಿತ್ತು. ಅಂಬಾ ಮಾತ್ರ ಎರಡು ದಿನ ಊಟ ಬಿಟ್ಟಳು.

"ಆಪ್ರಿಕಕ್ಕೆ ಕೊಟ್ರೆ ಮುಗೀತು. ಸತ್ರೂ ಮೋರೆ ನೋಡೂಕೆ ಆಗೂದಿಲ್ಲ," ಎಂದಳು.

ಮಾಸ್ತರರು ಅಕ್ಕಿ ಡಬ್ಬದ ಮೇಲಿಂದ ಭೂಮಿ ಇಳಿಸಿ ಅವಳೆದುರಿಗಿಟ್ಟರು. ನೈರೋಬಿಯ ಮೇಲೆ ಅವಳ ಬೆರಳನ್ನೇ ಇಡಿಸಿದರು, ಮುಂಬಯಿಯ ಮೇಲೆ ತಮ್ಮ ಬೆರಳಿಟ್ಟರು. ನಡುವೆ ನೂಲು ಎಳೆದರು. ಐದು ಗಂಟು ದಾಟಿ ಇನ್ನೂ ಚೂರು ಉಳಿಯಿತು.

"ಎರಡು ಸಾವಿರದ ಎಂಟುನೂರು ಮೈಲು. ಆರು ತಾಸೂ ಬೇಡ. ನೀನು ಜಾಲಿಗೆ ಹೋಗೂಕೆ ಎಷ್ಟು ಹೊತ್ತು ಬೇಕು ಹೇಳು ಕಾಂಬ."

ಅಂಬಾಳ ತವರು ಭಟ್ಕಳದ ಪಕ್ಕದ ಜಾಲಿ. ಬೆಳಿಗ್ಗೆ ಗಂಜಿ ಕುಡಿದು ಹೊರಟು, ಬಸ್ಸು ಕಾದು, ಬಸ್ಸು ಕೆಟ್ಟು ನಿಂತಲ್ಲಿ ನಿಂತು, ಭಟ್ಕಳದಲ್ಲಿಳಿದು, ಬಿಸಿಲಲ್ಲಿ ನಡೆದು ತವರಿನ ಅಂಗಳ ತುಳಿಯುವಾಗ ಮಧ್ಯಾಹ್ನದ ಊಟ ಮುಗಿದಿರುತ್ತಿತ್ತು. ಅವಳು ಬೆರಳು ಮಡಚಿ ಎಣಿಸಿದಳು.

"ಆರು ತಾಸು ಆಗ್ತದೆ."

"ಹಂಗಾರೆ ನಿನ್ನ ಮಗಳನ್ನ ಜಾಲಿಗೆ ಕೊಟ್ಟಂಗೇ ಆತಲ್ಲ. ನಿಂಗೆ ಒಂದು ಕೆಮ್ಮು ಬಂದ್ರೆ ಸಾಕು, ನಾ ತಂತಿ ಹೊಡೀತೆ. ಅವಳು ಬತ್ತದೆ."

ಅಂಬಾ ಗೋಲದ ಮೇಲಿಂದ ಬೆರಳು ತೆಗೆಯದೆ ಸ್ವಲ್ಪ ಹೊತ್ತು ಕೂತಳು. ಆಮೇಲೆ ಎದ್ದು ಊಟ ಮಾಡಿದಳು. ಮದುವೆಯಾಗಿ ಸುಮತಿ ನೈರೋಬಿಗೆ ಹೋದ ಮೇಲೆ ಯಾರು ಕೇಳಿದರೂ ತನ್ನ ಮಗಳು ಜಾಲಿಯಷ್ಟೇ ದೂರದಲ್ಲಿದ್ದಾಳೆ ಎನ್ನುತ್ತಿದ್ದಳು. ಗಂಡನ ಮಾತನ್ನು ನಂಬಿ ಹೇಳುತ್ತಿದ್ದಳೋ, ಹೇಳಿ ಹೇಳಿ ನಂಬಿದಳೋ, ಹೆಂಗಸರ ಮನಸ್ಸಿನ ಆಳ ಅಳೆಯುವ ನೂಲು ಮಾಸ್ತರರ ಹತ್ತಿರ ಇರಲಿಲ್ಲ.

ಎರಡು ವರ್ಷ ಚೆನ್ನಾಗಿಯೇ ಕಳೆಯಿತು. ಅರವತ್ತರ ದೀಪಾವಳಿಯ ಮೇಲೆ ಅಂಬಾಳ ಕಾಲು ಬಾತುಕೊಳ್ಳತೊಡಗಿತು. ಮೆಟ್ಟಿಲು ಹತ್ತಿದರೆ ಏದುಸಿರು. ಆ ವೇಳೆಗೆ ಸುಮತಿಗೆ ಹೆಣ್ಣುಮಗು ಹುಟ್ಟಿ ನಾಲ್ಕು ತಿಂಗಳಾಗಿತ್ತು. ಮಗುವಿನ ಫೋಟೋ ಅಂಬಾಳ ದಿಂಬಿನ ಕೆಳಗೆ ಸೇರಿತ್ತು. ಸಂಕ್ರಾಂತಿ ಕಳೆಯುವಷ್ಟರಲ್ಲಿ ಅವಳು ಹಾಸಿಗೆ ಹಿಡಿದಳು. ಭೂಮಿ ಎತ್ತುವ ಕೆಲಸ ಗಣಪಿಯ ಪಾಲಿಗೆ ಬಂತು.

ಒಂದು ಸೋಮವಾರ ಬೆಳಿಗ್ಗೆ ಮಾಸ್ತರರು ಕೊಡೆ ಹಿಡಿದು ಹೊರಟಾಗ ಅಂಬಾ ಕರೆದಳು.

"ಹೌದಾ, ಇವತ್ತು ಸುಮತಿಗೆ ಒಂದು ತಂತಿ ಹೊಡೀರಿ. ನಂಗೆ ಅವಳನ್ನ ನೋಡ್ಬೇಕು."

"ಈಗೇ ಎಂತಕ್ಕೆ? ಡಾಕ್ಟರು ಹೊಸ ಔಷಧಿ ಕೊಟ್ಟಿದ್ರು. ನಾಕು ದಿನ ನೋಡುವ. ತಂತಿ ಕಂಡ್ರೆ ಆ ಹುಡುಗಿ ಎದೆ ಒಡಕೊಳ್ತದೆ, ಕೈಕೂಸು ಬೇರೆ. ಬೇಕು ಅಂದ ದಿನ ಆರು ತಾಸಿನ ಕೆಲಸ."

"ಆರು ತಾಸು ಹೌದು," ಎಂದಳು ಅಂಬಾ. "ಆದ್ರೂ ಹೊಡೀರಿ."

"ಆತು," ಎಂದರು ಮಾಸ್ತರರು.

ಹೊನ್ನಾವರದ ದಡದಲ್ಲಿಳಿದು ಶಾಲೆಗೆ ಹೋಗುವ ದಾರಿಯಲ್ಲೇ ತಂತಿ ಕಚೇರಿ. ಮಾಸ್ತರರು ಅದರ ಮುಂದೆ ನಿಂತರು, ಕೊಡೆ ಮಡಚಿದರು, ಮತ್ತೆ ಬಿಚ್ಚಿದರು, ಹೋದರು. ಜಿಪುಣರೆನ್ನುವ ಹಾಗಿಲ್ಲ, ಸೋಮಾರಿಗಳೂ ಅಲ್ಲ. ಅವರಿಗೆ ಹೆದರಿಕೆಯಾಗಿತ್ತು. ತಾಯಿಗೆ ಜಡ್ಡು, ಕೂಡಲೇ ಬಾ ಎಂದು ತಮ್ಮ ಕೈಯಿಂದ ಬರೆದುಕೊಟ್ಟರೆ ಹೆಂಡತಿ ಉಳಿಯುವುದಿಲ್ಲವೆಂದು ತಾವೇ ರುಜು ಹಾಕಿಕೊಟ್ಟ ಹಾಗಾಗುತ್ತದೆ ಎಂದು ಅನಿಸಿತ್ತು. ಮೂವತ್ತು ವರ್ಷ ಜೊತೆಗಿದ್ದವಳ ಮೇಲೆ ಅಂಥ ರುಜು ಹಾಕಲು ಯಾವ ಗಂಡಸಿನ ಕೈ ಬರುತ್ತದೆ? ಆ ಹೆದರಿಕೆಯನ್ನು ಮುಚ್ಚಿಕೊಳ್ಳಲು ಅವರ ಹತ್ತಿರ ಒಂದು ಒಳ್ಳೆಯ ಲೆಕ್ಕವೂ ಇತ್ತಲ್ಲ, ಆರು ತಾಸು.

ಮಂಗಳವಾರ ಅಂಬಾ ಎರಡು ತುತ್ತು ಹೆಚ್ಚು ಉಂಡಳು. ನೋಡು, ಗುಣ ಕಾಣುತ್ತಿದೆ ಎಂದುಕೊಂಡು ಮಾಸ್ತರರು ತಂತಿ ಕಚೇರಿಯ ಮುಂದೆ ನಿಲ್ಲದೆ ದಾಟಿದರು. ಬುಧವಾರ ಅವಳು ತಂತಿಯ ಸುದ್ದಿ ಕೇಳಿದಳು. ನಾಳೆ ಎಂದರು. ಗುರುವಾರ ಬೆಳಿಗ್ಗೆ ಅವಳಿಗೆ ಮಲಗಿದರೆ ಉಸಿರಾಡಲು ಆಗುತ್ತಿರಲಿಲ್ಲ, ಗಣಪಿ ಬೆನ್ನಿಗೆ ಆನಿಸಿ ಕೂರಿಸಿಕೊಂಡಿದ್ದಳು. ಮಾಸ್ತರರು ದಡಕ್ಕೆ ಓಡಿ ಕೂ ಹಾಕಿದರು. ದುರ್ಗ ಬಂದ. ತಂತಿ ಕಚೇರಿಯ ಬಾಗಿಲು ತೆರೆಯುವ ಮೊದಲೇ ಅವರು ಮೆಟ್ಟಿಲ ಮೇಲೆ ಕೂತಿದ್ದರು.

ಡಾಕ್ಟರರನ್ನು ಕರೆದುಕೊಂಡು ಮನೆಗೆ ಬಂದು, ಅವರು ಸೂಜಿ ಚುಚ್ಚಿ ಹೋದ ಮೇಲೆ, ಅಂಬಾಳ ಹತ್ತಿರ ಕೂತು ಬೆರಳು ಮಡಚಿದರು. "ಇವತ್ತು ತಂತಿ ಮುಟ್ತದೆ. ನಾಳೆ ಸುಮತಿ ವಿಮಾನ ಹತ್ತುತ್ತದೆ, ಆರು ತಾಸಿಗೆ ಮುಂಬಯಿ. ರಾತ್ರೆ ರೈಲು ಹತ್ತಿದ್ರೆ ಶನಿವಾರ ಹುಬ್ಬಳ್ಳಿ. ಐತವಾರ ಬಸ್ಸು, ಸಂಜೆ ದೀಪ ಹಚ್ಚುವಾಗ ದುರ್ಗನ ದೋಣಿಲಿ ಇರ್ತದೆ."

"ಇವತ್ತಷ್ಟೇ ಹೊಡದ್ರಿ?" ಎಂದು ಕೇಳಿದಳು ಅಂಬಾ.

ಮಾಸ್ತರರು ತಲೆ ತಗ್ಗಿಸಿದರು. ಅವಳು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಎಂದು ಮಾಸ್ತರರಿಗೆ ಆಮೇಲೆ ಎಷ್ಟೋ ಸಲ ಅನಿಸಿತು.

ಶುಕ್ರವಾರ ಮಧ್ಯಾಹ್ನ ಮರುತಂತಿ ಬಂತು. ಅದನ್ನು ಮಾಸ್ತರರು ಹೊನ್ನಾವರದ ದಡದಲ್ಲಿ ನಿಂತು ಓದಿದರು. ಇಲ್ಲಿಂದ ಮುಂಬಯಿಗೆ ವಿಮಾನ ವಾರಕ್ಕೆ ಒಂದೇ, ಬುಧವಾರ. ನಿಮ್ಮ ತಂತಿ ಬರುವ ಮುಂಚೆ ಹೋಯಿತು. ಬರುವ ಬುಧವಾರ ಹೊರಡುತ್ತೇನೆ. ಅವ್ವನಿಗೆ ಹೇಳಿ. ಸುಮತಿ.

ಅವರು ದೋಣಿಯಲ್ಲಿ ಕೂತರು. ದುರ್ಗ ಜಲ್ಲೆ ಒತ್ತಿ ದೋಣಿಯನ್ನು ಆಳಕ್ಕೆ ಬಿಟ್ಟು ಹುಟ್ಟು ಹಿಡಿದ. ಅವನೊಬ್ಬನೇ ಅಲ್ಲಿದ್ದದ್ದು, ಅವನಿಗೇ ಹೇಳಿದರು.

"ದುರ್ಗಾ, ವಿಮಾನ ವಾರಕ್ಕೆ ಒಂದೇ ಅಂತೆ ಮಾರಾಯ."

ದುರ್ಗ ಹುಟ್ಟು ಹಾಕುವುದನ್ನು ನಿಲ್ಲಿಸಿದ. "ಒಂದೇ ಎಂತ ಒಡ್ಯಾ? ಮಧ್ಯ ಯಾರಾದ್ರೂ ಕರದ್ರೆ?"

"ಕರದ್ರೆ ಬರೂದಿಲ್ಲ."

"ಕರದ್ರೆ ಬರೂದಿಲ್ಲ ಹೇಳಾದ್ರೆ ಅದು ಎಂತಾ ತಾರಿ?" ಎಂದ ದುರ್ಗ. ಅವನು ತಮಾಷೆಗೆ ಹೇಳಿದ್ದಲ್ಲ. ಅವನಿಗೆ ನಿಜಕ್ಕೂ ಅರ್ಥವಾಗಿರಲಿಲ್ಲ. ಮಾಸ್ತರರಿಗೆ ಆಗಷ್ಟೇ ಅರ್ಥವಾಗಿತ್ತು. ಇಪ್ಪತ್ತಾರು ವರ್ಷ ಭೂಗೋಳ ಕಲಿಸಿದ ಮನುಷ್ಯ ಎರಡು ಊರುಗಳ ನಡುವಿನ ಮೈಲಿ ಅಳೆದ, ತಾಸು ಅಳೆದ. ವಿಮಾನ ಯಾವ ದಿನ ಹೊರಡುತ್ತದೆ ಎಂದು ಒಂದು ಸಲವೂ ಯಾರನ್ನೂ ಕೇಳಲಿಲ್ಲ. ದಡಕ್ಕೆ ಹೋದರೆ ದೋಣಿ ಇದ್ದೇ ಇರುತ್ತದೆ ಎಂದು ತಿಳಿದಿದ್ದ. ದೀಪದ ಬುಡದಲ್ಲಿ ಕತ್ತಲೆ ಎನ್ನುವುದು ಇಂಥವರನ್ನು ಕಂಡೇ ಇರಬೇಕು.

ಮನೆಗೆ ಬಂದು ಅವರು ಸುಳ್ಳು ಹೇಳಿದರು. "ಹೊರಟದೆ ಅಂತೆ," ಎಂದರು. ಅಂಬಾ ಅವರ ಮುಖವನ್ನು ಬಹಳ ಹೊತ್ತು ನೋಡಿದಳು.

"ಆರು ತಾಸು ಅಲ್ದಾ?"

"ಆರೇ ತಾಸು."

"ನಿಮ್ಮ ಲೆಕ್ಕ ತಪ್ಪೂದಿಲ್ಲ," ಎಂದು ಅವರ ಕೈ ಹಿಡಿದುಕೊಂಡಳು. ಮಾಸ್ತರರು ಆ ಕೈ ಬಿಡಿಸಿಕೊಂಡು ಹಿತ್ತಲಿಗೆ ಹೋಗಿ, ಬಾವಿಕಟ್ಟೆಯ ಹಿಂದೆ ನಿಂತು, ಪಂಚೆಯ ಸೆರಗು ಬಾಯಿಗೆ ತುರುಕಿಕೊಂಡು ಅತ್ತರು.

ಶನಿವಾರ ಇಡೀ ದಿನ ಅವಳು ಒಂದೊಂದು ಸಲ ಕಣ್ಣು ಬಿಟ್ಟು, ಈಗ ಎಲ್ಲಿ ಬಂದಿರಬಹುದು ಎನ್ನುತ್ತಿದ್ದಳು. ಸಮುದ್ರದ ಮೇಲೆ ಎಂದರು ಒಂದು ಸಲ. ಮುಂಬಯಿ ಎಂದರು. ಪುಣೆ ದಾಟಿತು ಎಂದರು. ಹೇಳುತ್ತಾ ಹೇಳುತ್ತಾ ಅವರಿಗೂ ಮಗಳು ದಾರಿಯಲ್ಲಿದ್ದಾಳೆ ಎಂದೇ ಅನಿಸತೊಡಗಿತು. ಸಂಜೆ ಗಣಪಿ ದೇವರ ಮುಂದೆ ದೀಪ ಹಚ್ಚಿ ಬಂದು, ಅಕ್ಕಾ, ಒಂದು ಗುಟುಕು ನೀರು ಕುಡಿ ಎಂದಳು. ಅಂಬಾ ಕುಡಿದಳು. ಫೋಟೋ ಬೇಕೆಂದು ಸನ್ನೆ ಮಾಡಿದಳು. ಗಣಪಿ ದಿಂಬಿನ ಕೆಳಗೆ ಕೈ ಹಾಕಿ ತೆಗೆದುಕೊಡುವಷ್ಟರಲ್ಲಿ ಅದನ್ನು ಹಿಡಿಯುವ ಕೈ ಸೋತಿತ್ತು. ಏಳು ಗಂಟೆಯೂ ಆಗಿರಲಿಲ್ಲ.

ಬೆಳಿಗ್ಗೆ ಕಡಲ ಬದಿಯಲ್ಲಿ ಬೆಂಕಿ ಕೊಟ್ಟಾಯಿತು. ಅವಳು ಮಲಗಿದ್ದ ಜಾಗದಲ್ಲಿ, ತಲೆಯ ಕಡೆ, ಗಣಪಿ ಒಂದು ದೀಪ ಇಟ್ಟಳು. ಹನ್ನೆರಡು ದಿನ ಅದು ಆರಬಾರದು. ಬಂದವರೆಲ್ಲ ಮಾಸ್ತರರಿಗೆ ಸಮಾಧಾನ ಹೇಳಿದರು. ವಿಮಾನ ವಾರಕ್ಕೊಂದೇ ಆದರೆ ನೀವಾದರೂ ಏನು ಮಾಡುತ್ತೀರಿ, ಹಣೆಬರಹ ಎಂದರು. ಮಾಸ್ತರರು ಹೌದು ಎಂದು ತಲೆಯಾಡಿಸಿದರು. ಅವರ ತಲೆಯಲ್ಲಿ ಒಂದು ಲೆಕ್ಕ ಬಂದು ಬಾಗಿಲ ಹೊರಗೆ ನಿಂತಿತ್ತು. ಸೋಮವಾರ ತಂತಿ ಹೊಡೆದಿದ್ದರೆ ಎಂದು ಶುರುವಾಗುವ ಲೆಕ್ಕ. ಅದನ್ನು ಅವರು ಒಳಗೆ ಕರೆಯಲಿಲ್ಲ. ಜೀವಮಾನದಲ್ಲಿ ಮೊದಲ ಸಲ ಮಾಸ್ತರರು ಒಂದು ಲೆಕ್ಕ ಮಾಡುವುದಿಲ್ಲ ಎಂದು ಹಠ ಹಿಡಿದು ಕೂತರು.

ಎಂಟನೆಯ ದಿನ, ಶನಿವಾರ, ಹೊತ್ತು ಮುಳುಗುವಾಗ ಆಚೆ ದಡದಿಂದ ಒಂದು ಕೂ ಕೇಳಿತು. ಹೆಂಗಸಿನ ದನಿ. ಚಿಕ್ಕವಳಿದ್ದಾಗ ಶಾಲೆ ಬಿಟ್ಟು ಬಂದು ಅದೇ ದಡದಲ್ಲಿ ನಿಂತು ಸುಮತಿ ಹಾಗೇ ಕೂಗುತ್ತಿದ್ದಳು. ಮಾಸ್ತರರು ಜಗುಲಿಯಿಂದ ಎದ್ದರು, ಮತ್ತೆ ಕೂತರು. ದುರ್ಗ ತಿರುಗಿ ಕೂ ಹಾಕಿ ದೋಣಿ ಬಿಟ್ಟ.

ದಡದಲ್ಲಿ ಗಣಪಿ ಮಗುವನ್ನು ಎತ್ತಿಕೊಂಡಳು. ಸುಮತಿ ಅವಳ ಹೆಗಲ ಮೇಲೆ ಬಿದ್ದು ಅತ್ತದ್ದು ಜಗುಲಿಯವರೆಗೆ ಕೇಳಿತು. ಇಬ್ಬರೂ ಅಲ್ಲೇ ಬಹಳ ಹೊತ್ತು ಮಾತಾಡುತ್ತ ನಿಂತಿದ್ದರು. ಆಮೇಲೆ ಸುಮತಿ ಬಂದಳು, ಕಾಲು ತೊಳೆದಳು, ಅವ್ವನ ದೀಪದ ಮುಂದೆ ಅಡ್ಡಬಿದ್ದು ಏಳದೆ ಹಾಗೇ ಇದ್ದಳು. ಎದ್ದ ಮೇಲೆ ಅಪ್ಪನ ಎದುರಿಗೆ ನೆಲದ ಮೇಲೆ ಕೂತಳು. ಕಣ್ಣು ಕೆಂಪಾಗಿ ಬಾತುಕೊಂಡಿತ್ತು.

"ವಿಮಾನ ಆರೇ ತಾಸು ಹಿಡೀತು ಅಪ್ಪ," ಎಂದಳು. "ನೀವು ಹೇಳಿದ್ದು ಸರಿ ಇತ್ತು."

ಸುಮತಿ ಸೆರಗಿನಿಂದ ಮೋರೆ ಒರೆಸಿಕೊಂಡಳು.

"ಮೊದಲೇ ಎಂತಕ್ಕೆ ತಂತಿ ಹೊಡೀಲಿಲ್ಲ ಹೇಳಿ ನಂಗೆ ದಾರಿ ಉದ್ದಕ್ಕೂ ನಿಮ್ಮ ಮೇಲೆ ಸಿಟ್ಟೇ ಇತ್ತು. ಈಗ ಗಣಪಕ್ಕ ಹೇಳ್ತು. ಅವ್ವನೇ ಬ್ಯಾಡ ಅಂದಿತ್ತಂತೆ. ಕೈಕೂಸಿನ ತಾಯಿ, ಕರೀಬೇಡಿ ಹೇಳಿ ಅವ್ವನೇ ನಿಮ್ಮ ಕೈ ಹಿಡಿದಿತ್ತಂತೆ. ನಾ ಬಂದ್ರೆ ಇದನ್ನ ಮರೀದೆ ಹೇಳ್ಬೇಕು ಅಂತ ಗಣಪಕ್ಕನ ಹತ್ರ ಆಣೆ ಹಾಕಿಸ್ಕೊಂಡಿತ್ತಂತೆ."

ಮಾಸ್ತರರು ಬಾಗಿಲ ಕಡೆ ನೋಡಿದರು. ಮಗುವನ್ನು ಸೊಂಟದಲ್ಲಿಟ್ಟುಕೊಂಡು ನಿಂತಿದ್ದ ಗಣಪಿ ಮುಖ ಆಚೆ ತಿರುಗಿಸಿದಳು. ಸೋಮವಾರ ಬೆಳಿಗ್ಗೆ ಅಂಬಾ ತಂತಿ ಹೊಡೀರಿ ಎಂದಾಗ ಇದೇ ಗಣಪಿ ಗಂಜಿ ಹಿಡಿದು ಇದೇ ಬಾಗಿಲಲ್ಲಿ ನಿಂತಿದ್ದಳು.

ಉಸಿರಾಡಲು ಆಗದ ಹೆಂಗಸು, ಇದ್ದ ಎರಡು ಉಸಿರಿನಲ್ಲಿ ಒಂದನ್ನು ಗಂಡನಿಗಾಗಿ ಇಂಥದೊಂದು ಸುಳ್ಳಿಗೆ ಖರ್ಚು ಮಾಡಿ ಹೋಗಿದ್ದಳು. ಅದನ್ನು ಹೊದ್ದುಕೊಂಡು ಮಾಸ್ತರರು ಸಾಯುವವರೆಗೆ ಬೆಚ್ಚಗಿರಬಹುದಿತ್ತು. ಮಗಳು ಒಂದು ತಿಂಗಳಿದ್ದು ಹೋಗುತ್ತಾಳೆ, ಗಣಪಿ ಆಣೆ ಮುರಿಯುವವಳಲ್ಲ. ದೀಪದ ಕಡೆ ಅವರ ಕಣ್ಣು ಹೋಯಿತು. ತಾವು ತಲೆ ತಗ್ಗಿಸಿದ್ದನ್ನು ಅಂಬಾ ನೋಡಿದ್ದು ನೆನಪಾಯಿತು. ಸತ್ತವಳ ಹೆಸರಿನಲ್ಲಿ ಮಗಳಿಗೆ, ನಿನ್ನನ್ನು ಅವ್ವ ಕರೆಯಲೇ ಇಲ್ಲ ಎಂಬ ಸುಳ್ಳನ್ನು ಉಳಿಸಿಹೋಗುವುದು ಅವರಿಂದಾಗಲಿಲ್ಲ.

"ಸುಳ್ಳು ಅದು," ಎಂದರು. "ಅವಳು ಕರೆದಿತ್ತು. ನೋಡ್ಬೇಕು ಹೇಳಿತ್ತು. ಎರಡು ಸಲ ಹೇಳಿತ್ತು. ಆರೇ ತಾಸಲ್ದಾ ಹೇಳಿ ನಾನೇ ತಡ ಮಾಡಿದೆ. ನಂಗೆ ಹೆದರಿಕೆ ಆಗಿತ್ತು ಮಗಾ."

ಮಗು ಗಣಪಿಯ ಸೊಂಟದಲ್ಲಿ ಏನೋ ಗುಣುಗುಣಿಸಿತು.

"ಯಾವಾಗ ಕರೆದಿತ್ತು?"

"ಸೋಮವಾರ ಬೆಳಿಗ್ಗೆ. ನಾ ತಾರಿಗೆ ಹೊರಟಿದ್ದೆ."

ಸುಮತಿ ಬಲಗೈ ಮಡಿಲಲ್ಲಿಟ್ಟುಕೊಂಡು ಬೆರಳು ಮಡಚತೊಡಗಿದಳು. ಐದು ವರ್ಷದವಳಿದ್ದಾಗ ಅವಳಿಗೆ ಹಾಗೆ ಎಣಿಸಲು ಕಲಿಸಿದವರು ಮಾಸ್ತರರೇ. ಮಂಗಳವಾರ ತಂತಿ. ಬುಧವಾರ ವಿಮಾನ. ಗುರುವಾರ ಬೆಳಿಗ್ಗೆ ಮುಂಬಯಿ, ರಾತ್ರೆ ರೈಲು. ಶುಕ್ರವಾರ ಹುಬ್ಬಳ್ಳಿ. ಐದನೆಯ ಬೆರಳಿಗೆ ಬಂದು ನಿಂತಳು. ಈ ವಾರ ತಾನು ಬಂದ ದಾರಿಯೇ ಅದು, ದಿನ ದಿನವೂ ಅದೇ.

"ಅವ್ವ ಹೋದದ್ದು ಎಷ್ಟು ಹೊತ್ತಿಗೆ?"

"ಶನಿವಾರ. ದೀಪ ಹಚ್ಚಿದ ಮೇಲೆ."

"ಹೋದ ಶನಿವಾರ ಈ ಹೊತ್ತಿಗೆ ನಾ ಇಲ್ಲಿ ಕೂತಿರ್ತಿದ್ದೆ ಅಪ್ಪ," ಎಂದಳು ಸುಮತಿ. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಲೆಕ್ಕ ಒಪ್ಪಿಸುವ ಹುಡುಗಿಯ ಹಾಗೆ ಹೇಳಿದಳು.

"ಹೌದು," ಎಂದರು ಮಾಸ್ತರರು. "ಲೆಕ್ಕ ಸರಿ ಅದೆ."

ಗಣಪಿ ಮಗುವನ್ನು ತಂದು ಸುಮತಿಯ ಮಡಿಲಲ್ಲಿ ಹಾಕಿ, ದೀಪಕ್ಕೆ ಎಣ್ಣೆ ಹೊಯ್ದು ಒಳಗೆ ಹೋದಳು. ಅನ್ನಕ್ಕಿಡಲು ಅವಳು ಭೂಮಿಯನ್ನು ಎತ್ತಿ ನೆಲದ ಮೇಲಿಟ್ಟ ಸದ್ದು ಕೇಳಿತು. ಹೊಳೆಯ ಆಚೆ ದಡದಲ್ಲಿ ಯಾರೋ ಕೂ ಹಾಕಿದರು. ದುರ್ಗ ಮರುಕೂ ಹಾಕಿ ದೋಣಿ ಬಿಟ್ಟ.